ಅಪ್ಪನ ಮಷೀನು, ನಮ್ಮ ಲಬೋ ಲಬೋ

ಕಳೆದ ತಿಂಗಳು ಗಜೇಂದ್ರಗಡದಲ್ಲಿ ಒಂದು ಮದುವೆ. ನಾನು, ಅಪ್ಪ ಇಬ್ಬರೇ ಹೋಗಿದ್ದೆವು. ಅಕ್ಷತೆಗೆ ಇನ್ನೂ ಹೊತ್ತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ತಂಪು ಜಾಗದಲ್ಲಿ ಕುರ್ಚಿ ಹಾಕಿದ್ದರು, ನೆಂಟರೆಲ್ಲ ಅಲ್ಲೇ ಸೇರಿದ್ದರು. ನಾವು ಮಾತ್ರ ಹೋಗಿ ಕುಳಿತದ್ದು ಕೊನೆಯ ಸಾಲಿನ ಹಿಂದೆ, ಮೈಕಿನವನ ಟೇಬಲ್ಲಿನ ಮಗ್ಗುಲಲ್ಲಿ. ಹುಟ್ಟುಗುಣ ಸುಟ್ಟರೂ ಹೋಗದು. ಅವನ ಆಂಪ್ಲಿಫೈಯರ್ ನಮ್ಮದರಷ್ಟೇ ಹಳೆಯದು. ಅದು ಬಿಸಿಯಾಗಿ ಒಳಗಿನ ಧೂಳು ಹುರಿದ ವಾಸನೆ ಬಂತು ನೋಡಿ, ನನಗೆ ಮದುವೆ ಮರೆತು ಆ ವರ್ಷ ನೆನಪಾಯಿತು.

ಆ ವರ್ಷ ಅಂದರೆ ಮಲಪ್ರಭೆ ಉಕ್ಕಿ ಮೆಣಸಗಿ, ಹೊಳೆಮಣ್ಣೂರಿನ ಮನೆಗಳ ಒಳಗೆ ಬಂದು ಹೋದ ವರ್ಷ. ರೋಣದಲ್ಲಿ ನಮ್ಮ ಬ್ಯಾಂಡು ಹುಟ್ಟಿದ ವರ್ಷವೂ ಅದೇ. ಭಜನೆಯದಲ್ಲ, ಬ್ಯಾಂಜೋದ್ದಲ್ಲ, ಪಂಕ್ ರಾಕ್ ಬ್ಯಾಂಡು. ಈಗಲೂ ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ನಾವೂ ನಕ್ಕಿದ್ದೆವು.

ರೋಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಪ್ಪನ ಮೈಕ್‌ಸೆಟ್ ಅಂಗಡಿ. ಆಂಪ್ಲಿಫೈಯರು, ಹಾರ್ನು, ಬಾಕ್ಸು, ಮೈಕು ಎಲ್ಲಕ್ಕೂ ಸೇರಿಸಿ ಅಪ್ಪ ಇಟ್ಟಿದ್ದ ಹೆಸರು ‘ಮಷೀನು’. ಊರಲ್ಲಿ ಅವನ ಮಷೀನಿಗಿಂತ ಅವನ ಕಿವಿಗೆ ಹೆಚ್ಚು ಹೆಸರಿತ್ತು. ಊಟಕ್ಕೆ ಕುಳಿತಾಗ ಮೂರು ಓಣಿ ಆಚೆ ಯಾರದೋ ಹಾರ್ನು ಕೂಗಿದರೆ, “ಅದರ ಯೂನಿಟ್ ಹೋಗೂದಕ್ಕ ಬಂದೈತಿ” ಎಂದು ಹೇಳಿ ರೊಟ್ಟಿ ಮುರಿಯುತ್ತಿದ್ದ. ಎರಡು ದಿನದಲ್ಲಿ ಅದು ಹೋಗಿಯೇ ಬಿಡುತ್ತಿತ್ತು. ನನಗೂ ಆ ಅಂಗಡಿಯಲ್ಲಿ ಒಂದು ಕೆಲಸವಿತ್ತು, ಆರು ವರ್ಷದವಳಿದ್ದಾಗಿನಿಂದ. ಅಪ್ಪ ಮೈಕು ಹಚ್ಚಿ “ಹಲೋ, ಹಲೋ” ಅನ್ನುವಾಗ ನಾನು ಬಯಲಿನ ಆ ತುದಿಗೆ, ಕೊನೆಯ ಸಾಲು ಎಲ್ಲಿ ಬರುತ್ತದೋ ಅಲ್ಲಿಗೆ, ಓಡಿ ಹೋಗಿ ನಿಲ್ಲಬೇಕು. ದನಿ ಸರಿಯಾಗಿ ಕೇಳಿಸಿದರೆ ಕೈ ಎತ್ತಬೇಕು. ನಾನು ಕೈ ಎತ್ತುವವರೆಗೆ ಅವನ ಲೆಕ್ಕದಲ್ಲಿ ಕಾರ್ಯಕ್ರಮ ಶುರುವಾದಂತೆಯೇ ಅಲ್ಲ. ಬಿ.ಎ. ಮುಗಿಸಿ ಮನೆಯಲ್ಲಿ ಕುಳಿತ ಮೇಲೂ ನಾನು ಅದನ್ನೇ ಮಾಡುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ನಮ್ಮಿಬ್ಬರ ನಡುವೆ ಮಾತಿಗಿಂತ ಆ ಕೈಯೇ ಹೆಚ್ಚು ಓಡಾಡುತ್ತಿತ್ತು.

ಹೊಳೆ ಬಂದಾಗ ಮೆಣಸಗಿಯ ಜನರನ್ನು ಎತ್ತರದ ಒಂದು ಶಾಲೆಯಲ್ಲಿ ಇರಿಸಿದರು. ಯಾರ ದನ ಎಲ್ಲಿದೆ, ಊಟ ಯಾವಾಗ ಎಂದು ಕೂಗಿ ಹೇಳಲು ಅಪ್ಪನ ಮಷೀನು ಹೋಯಿತು, ಜೊತೆಗೆ ನಾನೂ. ಮಳೆ ಜಿಟಿಜಿಟಿ ಹಿಡಿದಿತ್ತು. ವರಾಂಡದಲ್ಲಿ ಹಾರ್ನಿನ ಕೆಳಗೇ ಕುಳಿತಿದ್ದ ಒಬ್ಬ ಅಜ್ಜಿ ಕಿವಿ ಮುಚ್ಚಿಕೊಂಡು, ಸ್ವಲ್ಪ ಇಳಿಸಪ್ಪಾ ಅಂತ ಕೇಳಿದಳು. ಅಪ್ಪ ಅವಳ ಕಡೆ ನೋಡಿ ನಕ್ಕು, ಇನ್ನೊಂದು ಸುತ್ತು ಏರಿಸಿದ. ಮಕ್ಕಳು ಬೆಚ್ಚಿ ಅಳತೊಡಗಿದವು. ನಾನು ಓಡಿ ಹೋಗಿ ಇಳಿಸಿದೆ.

“ಯಾಕ ಕಡಿಮಿ ಮಾಡ್ದಿ? ಹಿಂದಿನ ಸಾಲಿಗೆ ಕೇಳಸಂಗಿಲ್ಲ,” ಅಂದ ಅಪ್ಪ. ಆಮೇಲೆ ಆಂಪ್ಲಿಫೈಯರಿನ ಬೆನ್ನು ತಟ್ಟಿ, “ಮಳಿಯಾಗ ತೊಯ್ದು ಮಷೀನಿಗೆ ತಂಪು ಹಿಡದೈತಿ. ದನೀನ ಇಲ್ಲ ಇದಕ್ಕ,” ಅಂದ.

ಮಷೀನಿಗೆ ಏನೂ ಆಗಿರಲಿಲ್ಲ. ಮೂವತ್ತು ವರ್ಷ ಹಾರ್ನಿನ ಬುಡದಲ್ಲೇ ನಿಂತವನ ಕಿವಿ ಹೋಗುತ್ತಿತ್ತು. ಆ ವರಾಂಡದಲ್ಲಿ ನನಗದು ಒಂದೇ ಏಟಿಗೆ ಗೊತ್ತಾಯಿತು. ಹೇಳಬೇಕಿತ್ತು. ಕಿವುಡನಾದ ಮೈಕಿನವನನ್ನು ಯಾರು ಕರೆಯುತ್ತಾರೆ, ಕರೆಯದಿದ್ದರೆ ಇವನು ಬದುಕುವುದಾದರೂ ಯಾತಕ್ಕೆ ಅನ್ನಿಸಿತು. “ಹೌದಪಾ, ತಂಪು ಹಿಡದಿರಬೇಕು,” ಅಂದುಬಿಟ್ಟೆ. ಆ ಒಂದು ಸುಳ್ಳನ್ನು ಹೋಳಿ ಹುಣ್ಣಿಮೆಯವರೆಗೂ ಸಾಕಿದೆ. ಅಲ್ಲಿಂದ ದಿನಾ ಮಧ್ಯಾಹ್ನ ಅಪ್ಪ ಸರಿಯಾಗಿದ್ದ ಮಷೀನನ್ನು ಬಿಚ್ಚುವುದು, ಒಂದೊಂದೇ ವೈರಿಗೆ ಹೊಸದಾಗಿ ಬೆಸುಗೆ ಹಾಕುವುದು, ಮುಚ್ಚುವುದು, ಹಚ್ಚಿ ಕೇಳಿ ತಲೆ ಅಲ್ಲಾಡಿಸುವುದು. ನಾನು ಪಕ್ಕದಲ್ಲಿ ಬ್ಯಾಟರಿಯ ಬೆಳಕು ಹಿಡಿದು ನಿಲ್ಲುವುದು. ಅಂಥ ಹೊತ್ತಿನಲ್ಲಿ ನನ್ನ ಮೇಲೆಯೇ ನನಗೆ ಎಷ್ಟು ಸಿಟ್ಟು ಬರುತ್ತಿತ್ತೆಂದು ಹೇಳಲಾರೆ.

ವಿರೂಪಾಕ್ಷಿಯನ್ನು ಮೊದಲು ನೋಡಿದ್ದು ಆ ಶಾಲೆಯಲ್ಲೇ. ಊರಿನವರು ಜೋಳದ ಚೀಲ, ಆಡಿನ ಮರಿ ಹೊತ್ತು ತಂದಿದ್ದರೆ ಇವನು ನೀರಿನಿಂದ ಎತ್ತಿ ತಂದದ್ದು ಒಂದು ಉದ್ದನೆಯ ಕರಿ ಚೀಲ. ಒಳಗೆ ಗಿಟಾರು. ಗೋವಾದ ಸಮುದ್ರದಂಡೆಯ ಹೋಟೆಲ್ಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಇವನಿಗೆ ಅಲ್ಲಿ ಬಾರಿಸುತ್ತಿದ್ದವನೊಬ್ಬ ಊರಿಗೆ ಹೋಗುವಾಗ ಕೊಟ್ಟದ್ದಂತೆ. ನೀರು ಇಳಿದ ಮೇಲೆ ಹದಿನೈದು ದಿನ ಮನೆಯೊಳಗಿನ ರಾಡಿ ಬಳಿದು ಹಾಕಿ, ಹದಿನಾರನೆಯ ದಿನ ಆ ಗಿಟಾರು ಹಿಡಿದು ನಮ್ಮ ಅಂಗಡಿಗೆ ಬಂದ. ವೈರು ಸಿಕ್ಕಿಸುವ ತೂತಿನಲ್ಲಿ ಕೆಸರು ಕೂತಿತ್ತು.

ಅಪ್ಪ ಕೆಸರು ಕೆರೆದು, ಮೈಕಿನ ವೈರನ್ನೇ ಅದಕ್ಕೆ ಬೆಸೆದ. ಬಾಕ್ಸುಗಳು ಬಾಡಿಗೆಗೆ ಹೋಗಿದ್ದರಿಂದ ಹಾರ್ನಿಗೇ ಹಚ್ಚಿದ. ವಿರೂಪಾಕ್ಷಿ ಒಂದೇ ಏಟು ಹೊಡೆದ, ಅಷ್ಟೇ. ತಗಡಿನ ಮನೆಯ ಮೇಲೆ ಆಣೆಕಲ್ಲು ಸುರಿದಂತಾಯಿತು. ಎದುರಿನ ದರ್ಜಿ ಕತ್ತರಿ ಕೆಳಗೆ ಹಾಕಿ ಎದ್ದು ಬಂದ. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಅಪ್ಪನ ಮುಖ ಮಾತ್ರ ಹಬ್ಬದ ಮನೆಯಂತಾಗಿತ್ತು.

“ಇವತ್ತ ಮಷೀನು ರಿಪೇರಿ ಆತು ನೋಡವ್ವಾ,” ಅಂದ. “ಇನ್ನೊಮ್ಮೆ ಬಾರಸಪಾ ತಮ್ಮಾ.”

ನಮ್ಮ ಬ್ಯಾಂಡು ಕಲೆಯ ಹಂಬಲದಿಂದ ಹುಟ್ಟಿತು ಎಂದು ಆಮೇಲೆ ಹುಬ್ಬಳ್ಳಿಯಲ್ಲಿ ಯಾರೋ ಭಾಷಣ ಮಾಡಿದರು. ಸುಳ್ಳು. ಆ ಮುಖವನ್ನು ಮರುದಿನವೂ ನೋಡಬೇಕಿತ್ತು ನನಗೆ. ಅದಕ್ಕೇ ವಿರೂಪಾಕ್ಷಿಗೆ ನಾಳೆಯೂ ಬಾ ಅಂದೆ. ಅವನು ನಾಳೆ ಬಂದ, ನಾಡಿದ್ದೂ ಬಂದ.

ಮೂರನೆಯವನು ಹನಮಪ್ಪ. ಶಿರೋಳದವನು, ನಲವತ್ತು ದಾಟಿದವನು, ನಮ್ಮಲ್ಲಿ ಶಾಮಿಯಾನದ ಗಳ ನಿಲ್ಲಿಸುತ್ತಿದ್ದ. ಅವನು ಬಾರಿಸುವ ಚರ್ಮದ ಹಲಗಿಗೆ ಸುತ್ತಲಿನ ಹತ್ತೂರಿನಲ್ಲಿ ಜೋಡಿ ಇರಲಿಲ್ಲ. ಗಿಟಾರಿನ ಗದ್ದಲ ಕೇಳಿ, ಇದೇನು ಹಾಡು ಎಂದು ವಿಚಾರಿಸಿದ. ವಿರೂಪಾಕ್ಷಿ ಗೋವಾದಲ್ಲಿ ಕಂಡದ್ದನ್ನು ಹೇಳಿದ. ಕೋಳಿಯ ಹಾಗೆ ಜುಟ್ಟು ಬಿಟ್ಟ ಹುಡುಗರು, ಗಿಟಾರಿನ ತಂತಿಯ ಮೇಲೆ ಬೆರಳಿನ ಮೂರೇ ಮೂರು ಪಟ್ಟು, ಗಂಟಲು ಹರಿಯುವಂತೆ ಕೂಗು. ಅದಕ್ಕೆ ಪಂಕ್ ಅನ್ನುತ್ತಾರೆ. “ಹಾಡಾಕ ಬರಬೇಕಂತ ಏನಿಲ್ಲ ಹನಮಣ್ಣ. ಸಿಟ್ಟು ಖರೇ ಇರಬೇಕು, ಅಷ್ಟ.”

ಹನಮಪ್ಪ ಬೀಡಿ ಆರಿಸಿ ಕಿವಿಯ ಹಿಂದೆ ಸಿಕ್ಕಿಸಿಕೊಂಡ. “ಅಷ್ಟ ಆದ್ರ, ನಾ ಹುಟ್ಟಿದಾಗಿಂದ ಅದನ್ನ ಮಾಡಾಕತ್ತೀನಲ್ಲೋ,” ಅಂದ.

ಕೂಗುವವಳು ನಾನಾದೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ, ಗಿರಿಜಾ ನೀನು ಸುಮ್ಮನೆ ತುಟಿ ಆಡಿಸು ಸಾಕು ಅಂತ ಹೇಳಿಸಿಕೊಂಡ ದನಿ ನನ್ನದು. ಹೆಸರು ಹುಡುಕಲು ಎಲ್ಲಿಗೂ ಹೋಗಬೇಕಾಗಲಿಲ್ಲ. ನಮ್ಮ ಕಡೆ ಹೋಳಿ ಹುಣ್ಣಿಮೆಗೆ ಕೈಯ ಹಿಂಭಾಗವನ್ನು ಬಾಯಿಗೆ ಬಡಿದುಕೊಳ್ಳುತ್ತ ‘ಲಬೋ ಲಬೋ’ ಎಂದು ಬೊಬ್ಬೆ ಹೊಡೆಯುತ್ತಾರೆ. ಅವತ್ತು ಯಾರು ಯಾರಿಗೆ ಏನು ಬೇಕಾದರೂ ಅನ್ನಬಹುದು, ಅನ್ನಿಸಿಕೊಂಡವನು ಸಿಟ್ಟಾಗುವಂತಿಲ್ಲ. ವರ್ಷವಿಡೀ ನುಂಗಿದ್ದನ್ನು ಉಗುಳಲು ಅದೊಂದೇ ದಿನ. ನಮ್ಮ ಹಾಡೂ ಹಾಗೇ: ಒಬ್ಬೊಬ್ಬರು ತಮ್ಮ ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಕೂಗುವುದು, ಉಳಿದವರೆಲ್ಲ ಬಾಯಿ ಬಡಿದುಕೊಳ್ಳುವುದು. ವಿರೂಪಾಕ್ಷಿ ಕಟ್ಟಿದ್ದು ಇದು:

ಹೊಳಿ ಮಲಗೈತಿ ಮನಿಯಾಗ, ಲಬೋ ಲಬೋ
ನಾವ್ ಮಲಗೇವಿ ಸಾಲ್ಯಾಗ, ಲಬೋ ಲಬೋ

ಹನಮಪ್ಪನದು ಇನ್ನೂ ಖಾರ:

ಮದವಿಗೆ ಹಲಗಿ ಬೇಕು, ಲಬೋ ಲಬೋ
ಹಲಗಿಯವನ ಎಲಿ ಹೊರಗ ಹಾಕು, ಲಬೋ ಲಬೋ

ಅದನ್ನು ಅವನು ಮೊದಲ ಸಲ ಕೂಗಿದಾಗ ನಾನು ಬಾಯಿ ಬಡಿದುಕೊಳ್ಳಲು ಮರೆತೆ. ಎಷ್ಟು ಮದುವೆಗಳಲ್ಲಿ ಅವನನ್ನು ಹೊರಗೆ ಬಿಟ್ಟು ನಾವು ಒಳಗೆ ಉಂಡು ಬಂದಿದ್ದೆವು.

ಆ ಚಳಿಗಾಲ ನನ್ನ ಆಯುಷ್ಯದ ಚಲೋ ಚಳಿಗಾಲ. ಅಂಗಡಿಯ ಗೋದಾಮಿನ ಹಿಂದೆ ಕರಿಮಣ್ಣಿನ ಎರಿ ಹೊಲ, ಹೊಲದ ತುಂಬ ಕಡಲೆ. ನಾಲ್ಕು ಗಂಟೆಗೆಲ್ಲ ಬಿಸಿಲು ಹಳದಿಯಾಗಿ ಗಾಳಿ ತಣ್ಣಗಾಗುತ್ತಿತ್ತು. ತಂಪಿಗೆ ಹಲಗಿಯ ಚರ್ಮ ಸಡಿಲಾಗುತ್ತದೆ, ಬೆಂಕಿಗೆ ಕಾಯಿಸದಿದ್ದರೆ ಅದು ಮಾತಾಡುವುದಿಲ್ಲ. ಹಾಗಾಗಿ ಪ್ರತಿ ಎರಡು ಹಾಡಿಗೊಮ್ಮೆ ಸಗಣಿ ಕುಳ್ಳಿನ ಬೆಂಕಿ. ಅದೇ ಬೆಂಕಿಯಲ್ಲಿ ಜೋಳದ ಹಸಿ ತೆನೆ ಸುಟ್ಟು ಸೀತನಿ ತಿಕ್ಕುತ್ತಿದ್ದೆವು. ಒಂದು ಕೈಯಲ್ಲಿ ಸೀತನಿ, ಬೆಲ್ಲ. ಇನ್ನೊಂದು ಕೈ ಬಾಯಿ ಬಡಿದುಕೊಳ್ಳಲು. ಅಪ್ಪ ಹಾರ್ನಿನ ಎದುರಿಗೇ ಬಕೆಟ್ಟು ಬೋರಲು ಹಾಕಿ ಕೂರುತ್ತಿದ್ದ. ಹನಮಪ್ಪ ಹೊಲದ ಅಂಚಿನ ಹತ್ತಿ ಕಿತ್ತು ಕಿವಿಗೆ ತುರುಕಿಕೊಳ್ಳುತ್ತಿದ್ದ. ಒಂದು ದಿನ ಅವನು ಅಪ್ಪನಿಗೂ ಸ್ವಲ್ಪ ಹತ್ತಿ ಕೊಟ್ಟ. ಅಪ್ಪ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನಮ್ಮ ಮೂವರ ಕಿವಿಗಳನ್ನೂ ನೋಡಿದ, ಹಾರ್ನನ್ನು ನೋಡಿದ. ಆಮೇಲೆ ಹತ್ತಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ನಾನು ಕಂಡೂ ಕಾಣದವಳಂತೆ ಸೀತನಿ ತಿಕ್ಕಿದೆ.

ಸಂಕ್ರಾಂತಿ ಕಳೆದ ಮೇಲೆ ನರಗುಂದದಲ್ಲಿ ದೊಡ್ಡ ಅಡತಿ ವ್ಯಾಪಾರಿಯೊಬ್ಬರ ಮನೆಯ ಮದುವೆ. ಇಪ್ಪತ್ತು ವರ್ಷದಿಂದ ಅವರ ಮನೆಯ ಎಲ್ಲ ಕಾರ್ಯಕ್ಕೂ ಅಪ್ಪನದೇ ಮೈಕು. ಸರಿಯಾಗಿ ಅಕ್ಷತೆ ಬೀಳುವ ಹೊತ್ತಿಗೆ ಮೈಕು ಕುಂಯ್ ಎಂದು ಸಿಳ್ಳು ಹಾಕತೊಡಗಿತು. ಮಂತ್ರ ಹೇಳುತ್ತಿದ್ದವರು ನಿಂತರು. ಜನ ಕಿವಿ ಮುಚ್ಚಿಕೊಂಡು ಹಿಂದೆ ತಿರುಗಿದರು. ಹಿಂದೆ ಅಪ್ಪ ಆಂಪ್ಲಿಫೈಯರಿನ ಮೇಲೆ ಕೈ ಇಟ್ಟುಕೊಂಡು, ಮದುಮಕ್ಕಳನ್ನು ನೋಡುತ್ತ, ಸಂತೋಷದಿಂದ ನಗುತ್ತ ನಿಂತಿದ್ದ. ನಾನು ಹೆಂಗಸರ ಸಾಲಿನಿಂದ ಎದ್ದು ಜನರನ್ನು ದಾಟಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಷೀನು ಕೆಟ್ಟಿದೆ ಎಂದು ಅಪ್ಪ ಹೇಳಲು ಹೋದ. ಮದುವೆಯ ಯಜಮಾನರು ಎಲ್ಲರಿಗೂ ಕೇಳುವಂತೆ, “ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ. ನಿಮಗ ಕಿವಿ ಕೇಳಸೂದಿಲ್ಲ ಶಿವಪ್ಪಾರ, ಮನ್ಯಾಗ ಕುಂದರ್ರಿ ಇನ್ನ,” ಅಂದರು.

ಅಪ್ಪನಿಗೆ ಅದೂ ಪೂರ್ತಿ ಕೇಳಿಸಲಿಲ್ಲ. ಏನಂದರು ಎಂದು ನನ್ನನ್ನು ಕೇಳಿದ. ಮಷೀನು ಹಳೆಯದಾಯಿತು ಅಂದರು ಎಂದೆ.

ಅವತ್ತಿನಿಂದ ಅವನು ಮಷೀನು ಬಿಚ್ಚುವುದನ್ನು ನಿಲ್ಲಿಸಿದ. ಒಂದು ವಾರದಲ್ಲಿ ಗದಗಿನ ಡಿಜೆಯವನೊಬ್ಬನನ್ನು ಕರೆಸಿ, ಹೋಳಿ ಮುಗಿದ ಮರುದಿನ ಬಂದು ಇಡೀ ಸೆಟ್ಟು ಒಯ್ಯಿರಿ ಎಂದು ಮಾತು ಕೊಟ್ಟ. ಹೋಳಿಯವರೆಗೆ ನಿಮ್ಮ ಹಾಡಿಗೆ ಇರಲಿ ಎಂದು ನಮಗೆ ಬಿಟ್ಟುಕೊಟ್ಟ. ಗೋದಾಮಿನ ಹಿಂದಿನ ಬಕೆಟ್ಟು ಖಾಲಿ ಉಳಿಯಿತು.

ನಮ್ಮ ಹಣೆಬರಹ ನೋಡಿ, ಅದೇ ಹೊತ್ತಿಗೆ ಬ್ಯಾಂಡು ಮೇಲೆದ್ದಿತು. ಗಜೇಂದ್ರಗಡದ ಒಂದು ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಕರೆದರು. ಅಪ್ಪ ಬರಲಿಲ್ಲ. ಸಭಾಂಗಣದಲ್ಲಿ ಎರಡು ಹಾಡಾಗುತ್ತಲೇ ಹಲಗಿ ಮಬ್ಬಾಯಿತು. ಹನಮಪ್ಪನಿಗೆ ಅದು ಹೊಲ, ಇದು ಸ್ಟೇಜು ಎಂಬ ಭೇದವಿಲ್ಲ. ಮನೆಯಿಂದ ತಂದಿದ್ದ ಕುಳ್ಳುಗಳನ್ನು ಕಬ್ಬಿಣದ ಪುಟ್ಟಿಯಲ್ಲಿ ಹಾಕಿ, ಸ್ಟೇಜಿನ ಮಧ್ಯದಲ್ಲೇ ಬೆಂಕಿ ಹಚ್ಚಿ, ನಿಶ್ಚಿಂತೆಯಿಂದ ಹಲಗಿ ಕಾಯಿಸತೊಡಗಿದ. ಹೊಗೆ ಎದ್ದಿತು. ಪ್ರಿನ್ಸಿಪಾಲರು ಎದ್ದರು. ಸಿಪಾಯಿ ಬಕೆಟ್ಟು ನೀರು ಹಿಡಿದು ಓಡಿ ಬರುವಷ್ಟರಲ್ಲಿ ಹಲಗಿ ಕಾದು ಗಂಟೆಯಂತಾಗಿತ್ತು. ಆ ಹೊಗೆಯಲ್ಲೇ ಮೂರನೆಯ ಹಾಡು ಹಾಡಿದೆವು. ಆರುನೂರು ಹುಡುಗ ಹುಡುಗಿಯರು ಕೆಮ್ಮುತ್ತ, ಬಾಯಿ ಬಡಿದುಕೊಳ್ಳುತ್ತ ಕುಣಿದರು. ಮರುದಿನ ರೋಣ, ನರಗುಂದ, ಗಜೇಂದ್ರಗಡದ ಎಲ್ಲರ ಮೊಬೈಲಿನಲ್ಲೂ ನಾವೇ, ‘ಬೆಂಕಿ ಹಚ್ಚಿ ಹಾಡೋ ಬ್ಯಾಂಡು’. ಗದಗಿನಿಂದ ಕರೆ ಬಂತು, ಹುಬ್ಬಳ್ಳಿಯಿಂದ ಬಂತು. ಹೆಣ್ಣುಮಗಳು ಬೀದಿಯಲ್ಲಿ ಬಾಯಿ ಬಡಿದುಕೊಳ್ಳುತ್ತಾಳಂತೆ ಎಂದು ಓಣಿಯ ಹಿರಿಯರು ಅಪ್ಪನ ಹತ್ತಿರ ದೂರು ಹೇಳಿದರು. ಅಪ್ಪ ಅವರ ತುಟಿಗಳನ್ನೇ ನೋಡಿ, ಹೌದ್ರಿ ಹೌದ್ರಿ ಎಂದು ಕಳಿಸಿದನಂತೆ.

ಗಜೇಂದ್ರಗಡದಿಂದ ಕುಣಿಯುತ್ತ ಬಂದ ನಾನು ಅಂಗಡಿಯ ಬಾಗಿಲಲ್ಲಿ ನಿಂತುಬಿಟ್ಟೆ. ಅಪ್ಪ ಖಾಲಿ ಕಪಾಟುಗಳ ನಡುವೆ ಕುಳಿತು, ಮೊದಲೇ ಸುತ್ತಿಟ್ಟಿದ್ದ ವೈರನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಹೋಳಿಯ ಹಾಡಿನಲ್ಲಿ ಅವನ ಕಿವಿಯ ಸಂಗತಿ ಹೇಳಿಯೇ ಬಿಡುತ್ತೇನೆ ಎಂದು ಅಲ್ಲೇ ನಿಶ್ಚಯ ಮಾಡಿದೆ. ಅವತ್ತು ಏನಂದರೂ ಅವನು ಸಿಟ್ಟಾಗುವಂತಿಲ್ಲವಲ್ಲ. ಎರಡು ಸಾಲು ಕಟ್ಟಿ ಬಾಯಿಪಾಠವೂ ಮಾಡಿದೆ.

ಓಕುಳಿಯ ದಿನ ನಮ್ಮ ಓಣಿಯಲ್ಲಿ ಟ್ರ್ಯಾಕ್ಟರಿನ ಟ್ರೇಲರೇ ಸ್ಟೇಜು. ಹೊತ್ತು ಏರಿ ಬಿಸಿಲು ಚುರುಗುಟ್ಟುತ್ತಿತ್ತು, ಹಲಗಿಗೆ ಅವತ್ತು ಬೆಂಕಿಯೇ ಬೇಕಾಗಲಿಲ್ಲ. ಓಣಿ ತುಂಬಿ ಬಸ್‌ಸ್ಟ್ಯಾಂಡಿನವರೆಗೆ ಜನ, ಎಲ್ಲರ ಮುಖಕ್ಕೂ ಬಣ್ಣ. ಹೋಳಿಗೆ ಎಂದೂ ಹೊಸ್ತಿಲು ದಾಟದ ಹೆಂಗಸರು ಮಾಳಿಗೆಯ ಮೇಲೆ ಸಾಲಾಗಿ ನಿಂತಿದ್ದರು. ವಿರೂಪಾಕ್ಷಿ ತನ್ನ ಹೊಳೆಯನ್ನು ಕೂಗಿದ, ಹನಮಪ್ಪ ತನ್ನ ಎಲೆಯನ್ನು ಕೂಗಿದ. ನನ್ನ ಸರದಿ ಬಂತು. ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದ. ಬಾಯಿ ತೆರೆದೆ, ಮುಚ್ಚಿದೆ. ಹಲಗಿ ಇನ್ನೊಂದು ಸುತ್ತು ಹಾಕಿ ನನಗಾಗಿ ಕಾಯಿತು. ಮತ್ತೆ ತೆರೆದೆ. ಆಗಲಿಲ್ಲ. ಹಬ್ಬ ಏನೇ ಬಿಟ್ಟುಕೊಟ್ಟರೂ ಊರೆದುರು ಅಪ್ಪನ ಮಾನ ತೆಗೆಯುವ ನಾಲಿಗೆ ನನಗಿರಲಿಲ್ಲ.

ಅಪ್ಪ ಎದ್ದ. ಜನರನ್ನು ಸರಿಸುತ್ತ ಬಂದು, ಟ್ರೇಲರಿನ ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ಮೈಕಿಗೆ ಕೈ ಚಾಚಿದ. ಕೊಟ್ಟೆ. ಅವನ ಕೈಯಲ್ಲಿ ಮೈಕು ಬಂದದ್ದೇ ತಡ, ನಾನು ಏನನ್ನೂ ಯೋಚಿಸದೆ ಕೆಳಗೆ ಹಾರಿ ಕೊನೆಯ ಸಾಲಿಗೆ ಓಡಿದೆ. ಆರು ವರ್ಷದವಳಿದ್ದಾಗ ಕಲಿತ ಓಟ ಅದು.

“ಹಲೋ, ಹಲೋ,” ಅಂದ ಅಪ್ಪ. ಜೇಬಿನಿಂದ ಏನನ್ನೋ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡ. ಅದು ಆ ಹತ್ತಿ. “ಮಷೀನು ಕೆಟ್ಟಿಲ್ಲ. ಮಷೀನು ಚಲೋನ ಐತಿ. ನನ್ನ ಕಿವಿ ಹೋಗ್ಯಾವು. ಆರು ತಿಂಗಳಾತು, ನನ್ನ ಮಗಳ ದನಿ ನನಗ ಕೇಳವಲ್ದು.”

ಹಲಗಿ ನಿಂತಿತು. ಇಡೀ ಓಣಿ ನಿಂತಿತು. ಅಷ್ಟು ಜನರಲ್ಲಿ ಒಬ್ಬರೂ ನಗಲಿಲ್ಲ. ಅಪ್ಪ ಯಾರನ್ನೂ ನೋಡುತ್ತಿರಲಿಲ್ಲ. ಬಣ್ಣ ಬಳಿದ ಅಷ್ಟೂ ತಲೆಗಳ ಮೇಲೆ ಕಣ್ಣಾಡಿಸುತ್ತ, ಹಿಂದಿನ ಸಾಲಿನಲ್ಲಿ ನನ್ನನ್ನು ಹುಡುಕುತ್ತಿದ್ದ. ಕೇಳಿಸಿತೋ ಇಲ್ಲವೋ ಎಂದು ಅವನಿಗೆ ತಿಳಿಯಬೇಕಿತ್ತು. ನಾನು ಕೈ ಎತ್ತಿದೆ. ಎಷ್ಟು ಎತ್ತರ ಆಗುತ್ತದೋ ಅಷ್ಟು ಎತ್ತರಕ್ಕೆ ಎತ್ತಿದೆ. ನಾನು ಅಳುತ್ತಿದ್ದದ್ದು ಬಣ್ಣದಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಅಪ್ಪ ನನ್ನ ಕೈ ಕಂಡ. ಸಮಾಧಾನವಾಯಿತು ಅವನಿಗೆ. ಆಗ ತನ್ನ ಕೈಯ ಹಿಂಭಾಗವನ್ನು ಬಾಯಿಗೆ ತಂದು, ಮೆಲ್ಲಗೆ, ಮೊದಲ ಸಲ ಶಾಲೆಗೆ ಹೋದ ಮಕ್ಕಳ ಹಾಗೆ ನಾಚಿಕೊಳ್ಳುತ್ತ, ಲಬೋ ಲಬೋ ಅಂದ. ಹನಮಪ್ಪನ ಹಲಗಿ ಅದನ್ನು ಎತ್ತಿಕೊಂಡಿತು. ಓಣಿ ಎತ್ತಿಕೊಂಡಿತು. ಮಾಳಿಗೆಯ ಮೇಲಿನ ಹೆಂಗಸರೂ ಬಾಯಿ ಬಡಿದುಕೊಂಡರು. ಅಂಥ ಬೊಬ್ಬೆಯನ್ನು ನಾವು ಆಮೇಲೆ ಎಲ್ಲಿಯೂ ಕೇಳಲಿಲ್ಲ, ವಿರೂಪಾಕ್ಷಿ ತಟ್ಟೆ ತೊಳೆದ ಅದೇ ಗೋವಾದ ದಂಡೆಯಲ್ಲಿ ಹಾಡಿದಾಗಲೂ ಕೇಳಲಿಲ್ಲ.

ಮರುದಿನ ಗದಗಿನವನು ಗಾಡಿ ತಂದ. ಅಪ್ಪ ಅವನಿಗೆ ಚಹಾ ಕುಡಿಸಿ, ಮಗಳು ಕೊಡವಲ್ಲಳು ಎಂದು ನನ್ನ ಮೇಲೆ ಹಾಕಿ ಕಳಿಸಿದ. ಅಂದಿನಿಂದ ಗುಂಡಿ ತಿರುಗಿಸುವುದು ನನ್ನ ಕೆಲಸ, ವೈರು, ಬೆಸುಗೆ ಅವನದು. ಬ್ಯಾಂಡು ಈಗ ವರ್ಷಕ್ಕೆ ನಾಲ್ಕಾರು ಕಡೆ ಹಾಡುತ್ತದೆ. ಕರೆಯಲು ಬಂದವರಿಗೆ ನಮ್ಮದು ಒಂದೇ ಷರತ್ತು: ಮೊದಲ ಪಂಕ್ತಿಯಲ್ಲಿ ಹನಮಪ್ಪನ ಎಲೆ. ಅಪ್ಪನ ಕಿವಿಗೆ ದವಾಖಾನೆಯವರು ಒಂದು ಸಣ್ಣ ಯಂತ್ರ ಕೊಟ್ಟಿದ್ದಾರೆ. ಅದರ ದನಿ ಸರಿಯಿಲ್ಲ ಎಂದು ಅವನು ಅದನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತಾನೆ.

ಇಷ್ಟೆಲ್ಲ ನೆನೆಯುತ್ತ ಕುಳಿತಿದ್ದೆ, ಮದುವೆಯ ಮೈಕಿನವನು ಮಂಟಪಕ್ಕೆ ಹೋಗಿ “ಹಲೋ, ಹಲೋ” ಅಂದ. ನನ್ನ ಕೈ ತಾನಾಗಿಯೇ ಮೇಲೆ ಹೋಯಿತು. ನಾಚಿಕೆಯಾಗಿ ಇಳಿಸಬೇಕೆಂದು ಪಕ್ಕಕ್ಕೆ ನೋಡಿದರೆ ಅಪ್ಪನ ಕೈಯೂ ಮೇಲಿತ್ತು. ಅವನ ಯಂತ್ರ ಮಾತ್ರ ಜೇಬಿನಲ್ಲೇ ಇತ್ತು.

ಅವನ ಕಿವಿಯ ಹತ್ತಿರ ಬಾಗಿ, “ಕೇಳಿಸ್ತೇನಪಾ?” ಅಂದೆ.

“ಇಲ್ಲ,” ಅಂದ ಅಪ್ಪ, ಕೈ ಇಳಿಸದೆ. “ನೀ ಎತ್ತಿದ್ಯಲ್ಲ.”